ರೂಢಿ ಕಲಿತ ಕಾವಲು

ಮಂಗಳಾರತಿ ತಟ್ಟೆ ಇನ್ನೂ ಕೈಯಲ್ಲಿರುವಾಗಲೇ ರುದ್ರೇಶನ ಜೇಬಿನಲ್ಲಿ ಫೋನು ಚೀರಿತು. ಮರುಕ್ಷಣ ಅಮೂಲ್ಯಳದ್ದೂ ಚೀರಿತು. ಪರದೆಯ ಮೇಲೆ ಆಕೆಯೇ ಬರೆದಿಟ್ಟಿದ್ದ ಸಾಲು: ‘ಅಸಹಜ ವೆಚ್ಚ. ತಕ್ಷಣ ನೋಡಿ.’

“ದೊಂಗ ಸಿಕ್ಕ, ಕಳ್ಳ ಸಿಕ್ಕ!” ಎಂದ ರುದ್ರೇಶ. ತಟ್ಟೆಯನ್ನು ಶಿವಕೃಷ್ಣರ ಕೈಗೆ ತುರುಕಿ ನೇರ ಮೂಲೆಯ ಮೇಜಿಗೆ ನಡೆದ. ಅಲ್ಲಿ ಚಂದ್ರ ಕೂತಿದ್ದ. ಇಡೀ ಆಫೀಸಿನಲ್ಲಿ ತೆರೆದಿದ್ದ ಲ್ಯಾಪ್‌ಟಾಪ್ ಅವನದೊಂದೇ.

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದೆ, ಮಹಡಿಯ ಮೇಲೆ ರುದ್ರೇಶನ ಕಂಪನಿ. ಸುತ್ತಲಿನ ಆಸ್ಪತ್ರೆಗಳ ಎಕ್ಸ್‌ರೇ ಚಿತ್ರಗಳನ್ನು ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದ ಬಾಡಿಗೆ ಯಂತ್ರಗಳಲ್ಲಿ, ಜೋಪಾನವಾಗಿ ಇಡುವುದು ಅದರ ಕೆಲಸ. ಬರಬರುತ್ತ ಆ ಬಾಡಿಗೆ ಕುತ್ತಿಗೆಗೆ ಬಂದಿತ್ತು. ಯಾರೋ ಕಂಪನಿಯ ಹೆಸರಿನಲ್ಲಿ ತಮ್ಮ ಯಂತ್ರ ಓಡಿಸಿಕೊಳ್ಳುತ್ತಿದ್ದಾರೆ ಎಂಬ ಗುಮಾನಿ ರುದ್ರೇಶನ ತಲೆ ಹೊಕ್ಕಿತ್ತು. ಹಾಗಾಗಿ ಹೋದ ತಿಂಗಳು ಎಂಜಿನಿಯರ್ ಅಮೂಲ್ಯ ಒಂದು ಸ್ವಯಂಚಾಲಿತ ಕಾವಲು ಕೂರಿಸಿದ್ದಳು. ದಿನದ ವೆಚ್ಚ ರೂಢಿ ಬಿಟ್ಟು ಅತ್ತಿತ್ತ ಸರಿದರೆ ಅದು ಕೂಗಬೇಕು.

ರೂಢಿ ಯಾವುದೆಂದು ಅದಕ್ಕೆ ಕಲಿಸುವ ದಾರಿ ಹೇಳಿದವರು ಶಿವಕೃಷ್ಣ. ಕಂಪನಿ ಹುಟ್ಟಿದಾಗಿನಿಂದ ಇದ್ದ ಹಿರಿಯರು, ಹಣೆಯ ಮೇಲಿನ ವಿಭೂತಿ ಅಳಿಸಿದ್ದನ್ನು ಯಾರೂ ಕಂಡಿಲ್ಲ. “ಹಿಂದಿನ ಆರು ತಿಂಗಳದ್ದು ಪೂರಾ ತೋರ್ಸವ್ವಾ ಅದಕ್ಕ. ನಮ್ಮ ಮನಿ ರೂಢಿ ಗೊತ್ತಾಗ್ಲಿ,” ಎಂದಿದ್ದರು. ಅಮೂಲ್ಯ ತೋರಿಸಿದ್ದಳು. ಅಂದಿನಿಂದ ಕಾವಲು ತುಟಿ ಬಿಚ್ಚಿರಲಿಲ್ಲ. ಬಿಚ್ಚಿದ್ದು ಇವತ್ತು, ಆಯುಧ ಪೂಜೆಯ ದಿನ.

“ಎಲ್ಲಾರೂ ಬಂದ್ ಮಾಡಿ ಪೂಜಿ ಮಾಡ್ಯಾರ. ನೀ ಒಬ್ಬ ಯಾಕ ತೆರದಿ?” ರುದ್ರೇಶ ಲ್ಯಾಪ್‌ಟಾಪ್ ಕಿತ್ತುಕೊಂಡು ಕಂಕುಳಲ್ಲಿ ಒತ್ತಿಕೊಂಡ.

“ಕಲಿಯಾಕ ನೋಡ್ತಿದ್ದೆ ಸಾರ್, ಅಷ್ಟ. ಏನೂ ಮುಟ್ಟಿಲ್ಲ. ಅಮ್ಮನಾಣಿ.”

ಚಂದ್ರ ಕೋಸಗಿಯವನು. ಅಮೂಲ್ಯಳ ಮಾತಿನ ಮೇಲೆ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿಲ್ಲ, ಪಾಸ್‌ವರ್ಡ್ ಕೈಗೆ ಬಂದದ್ದು ನಿನ್ನೆ. ಮರುದಿನವೇ ಕಾವಲು ಕೂಗಿದ್ದು ರುದ್ರೇಶನ ಸಿಟ್ಟಿಗೆ ಸಾಕಾಗಿತ್ತು. ಅವನ ತಾಯಿ ಗಾದಿಲಿಂಗಮ್ಮ ವರ್ಷವರ್ಷವೂ ಗಂಟು ಕಟ್ಟಿಕೊಂಡು ಕೂಲಿಗೆ ರೈಲು ಹತ್ತುವವಳು. ಈ ಸಲ ಹತ್ತುವುದಿಲ್ಲವೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಸ್ಟೇಷನ್ನಾಗ ಹೇಳು ಅದನ್ನ,” ಎಂದು ರುದ್ರೇಶ ಫೋನಿಗೆ ಬೆರಳಿಟ್ಟ.

ಶಿವಕೃಷ್ಣ ಅವನ ಮಣಿಕಟ್ಟು ಹಿಡಿದರು. “ಬ್ಯಾಡ ರುದ್ರೇಶಾ. ಹಬ್ಬದ ದಿನ ಪೋಲೀಸು ಬ್ಯಾಡ. ಏನೋ ತಪ್ಪು ಮಾಡ್ಯಾನ, ಊರಿಗೆ ಕಳ್ಸು. ಇಲ್ಲಿಗೆ ಮುಗಿಸು.” ಅವರ ಕಣ್ಣು ಒದ್ದೆಯಾಗಿತ್ತು. ದೊಡ್ಡ ಮನಸ್ಸೆಂದರೆ ಇದು ಎಂದು ನಿಂತವರಿಗೆಲ್ಲ ಅನ್ನಿಸಿತು.

ಅಮೂಲ್ಯ ಮಾತ್ರ ನಡುವೆ ಬಂದು ನಿಂತಳು. ಕರೆತಂದವಳು ತಾನು, ಈಗ ಅವನತ್ತ ಬೆರಳು ತೋರಿಸುತ್ತಿರುವುದೂ ತನ್ನದೇ ಕಾವಲು. “ಮೊದ್ಲು ಏನಾಗೇತಂತ ನೋಡಾಣ್ರಿ ಸಾರ್. ಫೋನಿನ್ಯಾಗ ಬರೇ ಕೂಗು ಬರ್ತೈತಿ, ಲೆಕ್ಕ ಬರಂಗಿಲ್ಲ.” ತನ್ನ ಲ್ಯಾಪ್‌ಟಾಪಿಗೆ ಕೈ ಚಾಚಿದಳು. ಅದರ ಮೇಲೆ ಕುಂಕುಮ, ಚೆಂಡುಹೂವು, ಒಂದು ನಿಂಬೆಹಣ್ಣು.

“ಮುಟ್ಟಬ್ಯಾಡ!” ಶಿವಕೃಷ್ಣರ ದನಿ ಮೊದಲ ಸಲ ಗಡುಸಾಯಿತು. “ಪೂಜಿ ಮಾಡಿದ್ದನ್ನ ಇವತ್ತ ದುಡಿಸಬಾರ್ದು. ನಮ್ಮ ಮನ್ಯಾಗ ಮಿಕ್ಸಿ ಸುದ್ದಾ ತಿರುಗಿಲ್ಲ. ನನ್ನವು ಅಂತ ಏನೇನ್ ಅದಾವೋ, ಅವಕ್ಕೆಲ್ಲಾ ಇವತ್ತ ರಜಾ ಕೊಟ್ಟೀನಿ.”

“ಆಸ್ಪತ್ರಿ ಯಂತ್ರ ಓಡಾಕತ್ಯಾವಲ್ರಿ?” ಎಂದಳು ಅಮೂಲ್ಯ.

“ಅವು ರೋಗಿಗಳವು. ಅವನ್ನ ನಿಲ್ಸು ಅಂತ ದೇವ್ರೂ ಅನ್ನಂಗಿಲ್ಲ.”

ರುದ್ರೇಶ ತಡವರಿಸಿದ. ಕಳ್ಳನ ಮೇಲೆ ಸಿಟ್ಟಿತ್ತು, ದೇವಿಯ ಭಯವೂ ಇತ್ತು. ಅಷ್ಟರಲ್ಲಿ ಚಂದ್ರ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಹೋಗಿದ್ದ. “ಹೋಗ್ತೀನಕ್ಕಾ,” ಎಂದ ಅಮೂಲ್ಯಳಿಗೆ. “ಅಮ್ಮಗ ನೀನ ಫೋನ್ ಮಾಡಿ ಹೇಳು. ನನಗ ಬಾಯಿ ಬರಂಗಿಲ್ಲ.”

“ನಿಂದ್ರು ಅಲ್ಲೇ!” ಎಂದಳು ಅಮೂಲ್ಯ. ದೇವಿ ಕ್ಷಮಿಸಿದರೆ ಕ್ಷಮಿಸಲಿ, ಇಲ್ಲವಾದರೆ ಬಿಡಲಿ. ಲ್ಯಾಪ್‌ಟಾಪ್ ತೆರೆದಳು. ಹೂವು ಚೆಲ್ಲಿತು, ನಿಂಬೆಹಣ್ಣು ಉರುಳಿ ಶಿವಕೃಷ್ಣರ ಪಾದದ ಹತ್ತಿರ ನಿಂತಿತು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ.

ವೆಚ್ಚದ ಗೆರೆ ಪರದೆಯ ಮೇಲೆ ಮೂಡಿತು. ರುದ್ರೇಶ ಹೆಗಲ ಮೇಲಿನಿಂದ ಬಗ್ಗಿದ. “ಎಷ್ಟು ಏರೈತಿ?”

“ಏರಿಲ್ಲ ಸಾರ್,” ಎಂದಳು ಅಮೂಲ್ಯ. ಗೆರೆಯ ತುದಿಗೆ ಬೆರಳಿಟ್ಟಳು. “ಬಿದ್ದೈತಿ.”

ಆಸ್ಪತ್ರೆಗಳ ಯಂತ್ರಗಳೆಲ್ಲ ಎಂದಿನಂತೆ ಓಡುತ್ತಿದ್ದವು. ಅವುಗಳ ಕೆಳಗೆ ಯಾವ ಆಸ್ಪತ್ರೆಗೂ ಸೇರದ ಉದ್ದನೆಯ ಸಾಲೊಂದಿತ್ತು. ಆರು ತಿಂಗಳಿಗೂ ಹಿಂದಿನಿಂದ ಒಂದು ದಿನವೂ ನಿಲ್ಲದೆ ಓಡಿದ್ದ ಆ ಯಂತ್ರಗಳನ್ನು ಕಾವಲು ಈ ಮನೆಯವೇ ಎಂದು ನಂಬಿ ಸುಮ್ಮನಿತ್ತು. ಇವತ್ತು ಮುಂಜಾನೆ ಅವೆಲ್ಲ ಒಟ್ಟಿಗೆ ನಿಂತಿದ್ದವು. ನಿಲ್ಲಿಸಿದವರ ಹೆಸರು ಪಕ್ಕದಲ್ಲೇ ಇತ್ತು. ಅಮೂಲ್ಯ ತಲೆಯೆತ್ತಿ, ಆರತಿ ತಟ್ಟೆ ಹಿಡಿದು ನಿಂತಿದ್ದ ಶಿವಕೃಷ್ಣರನ್ನು ನೋಡಿದಳು.

ಕದ್ದು ಓಡಿಸುತ್ತಿದ್ದ ಯಂತ್ರಗಳಿಗೂ ಅವರು ಆಯುಧ ಪೂಜೆಯ ರಜೆ ಕೊಟ್ಟಿದ್ದರು.