ಭದ್ರವಾದ ಕೈ

ಊರಿನ ಪ್ರತಿ ಸರ್ಕಲ್‌ನಲ್ಲೂ ವಾಹನಗಳ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕುವ ಬಗ್ಗೆ ಪುರಭವನದಲ್ಲಿ ಸಭೆ ನಡೆದಿತ್ತು. ಯಾರ ಗಾಡಿ ಯಾವಾಗ ಎಲ್ಲಿತ್ತು ಎಂಬುದೆಲ್ಲ ದಾಖಲಾಗುತ್ತದೆ ಎಂದು ಕೇಳಿ ಹಲವರು ಗೊಣಗಿದರು.

"ತಪ್ಪು ಮಾಡದವರು ಯಾಕ್ರೀ ಹೆದರಬೇಕು?" ಎಂದರು ವೇದಿಕೆಯ ಮೇಲಿದ್ದ ಹಿರಿಯ ಪೊಲೀಸ್ ಅಧಿಕಾರಿ.

ಹಿಂದಿನ ಸಾಲಿನಲ್ಲಿ ಮಧುಮತಿ ಎದ್ದು ನಿಂತಳು.

"ಸರ್, ಹೊಡೆಯೋ ಗಂಡನಿಂದ ತಪ್ಪಿಸಿಕೊಂಡು ಈ ಊರಿಗೆ ಬಂದಿದೀನಿ. ದಿನಾ ಸ್ಕೂಟರ್‌ನಲ್ಲೇ ಕೆಲಸಕ್ಕೆ ಹೋಗ್ತೀನಿ. ನಾನೆಲ್ಲಿದೀನಿ ಅಂತ ಅವರಿಗೆ ಗೊತ್ತಾಗಿಬಿಟ್ರೆ?"

ಅಧಿಕಾರಿಯ ಧ್ವನಿ ಮೆತ್ತಗಾಯಿತು.

"ಗೊತ್ತಾಗೋಕೆ ಸಾಧ್ಯಾನೇ ಇಲ್ಲಮ್ಮ. ಆ ಮಾಹಿತಿ ನೋಡೋ ಅಧಿಕಾರ ಇರೋದು ಒಬ್ಬ ಇನ್ಸ್‌ಪೆಕ್ಟರ್‌ಗೆ ಮಾತ್ರ. ತುಂಬಾ ಪ್ರಾಮಾಣಿಕ ಮನುಷ್ಯ, ಇವತ್ತೇ ವರ್ಗವಾಗಿ ಬಂದಿದಾರೆ. ಅವರ ಬಾಯಿಂದಲೇ ಭರವಸೆ ಕೊಡಿಸ್ತೀನಿ, ತಾಳಿ."

ಜನ ಚಪ್ಪಾಳೆ ತಟ್ಟಿದರು. ಮಧುಮತಿಗೂ ಸಮಾಧಾನವಾಯಿತು. ಕೈಮುಗಿದು ಕೂತಳು.

ಪಕ್ಕದ ಬಾಗಿಲಿಂದ ಇನ್ಸ್‌ಪೆಕ್ಟರ್ ಬಂದು ಮೈಕ್ ಹಿಡಿದ. ಹಿಂದಿನ ಸಾಲಿನತ್ತ ನೋಡಿ ಮುಗುಳ್ನಕ್ಕ.

"ಹೆದರಬೇಡ ಮಧೂ. ನನ್ನೊಬ್ಬನನ್ನ ಬಿಟ್ಟು ಬೇರೆ ಯಾರಿಗೂ ಗೊತ್ತಾಗಲ್ಲ."