ಸ್ಟ್ಯಾಂಡಿನ ಅಧ್ಯಕ್ಷ

ನಮ್ಮ ಯಜಮಾನರ ಡಯಾಲಿಸಿಸ್ ಹತ್ತು ಗಂಟೆಗೆ. ತಡವಾದರೆ ಆಸ್ಪತ್ರೆಯವರು ಯಂತ್ರವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ರೈಲಿಳಿದವರೇ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೇಳಿದೆವು.

"ಇಷ್ಟು ಹತ್ತಿರಕ್ಕೆ ಬರಲ್ಲ ಅಜ್ಜಿ. ಹೋಗಿಬಂದರೆ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು," ಎಂದ ಮೊದಲ ಕಾರಿನವನು. ಹಿಂದಿನವರೂ ಅದನ್ನೇ ಹೇಳಿದರು.

ಫೋನಿನ ಆ್ಯಪ್‌ನಲ್ಲಿ ಕಾರು ಕರೆಸಿದೆ. ಆ ಡ್ರೈವರ್ ಇಳಿದು ಬಂದು ಇವರ ತೋಳು ಹಿಡಿದ. "ನಿಧಾನ ತಾತ," ಎನ್ನುತ್ತಾ, ತಲೆ ತಾಗದಂತೆ ಬಾಗಿಲಿನ ಅಂಚಿಗೆ ತನ್ನ ಅಂಗೈ ಅಡ್ಡ ಇಟ್ಟ.

ಅಷ್ಟರಲ್ಲಿ ಸ್ಟ್ಯಾಂಡಿನ ಅಧ್ಯಕ್ಷ ಬಂದು ಕಾರಿನ ಗಾಜಿಗೆ ಎಲೆಯಡಿಕೆ ಉಗಿದ. ಕೆಂಪು ಎಂಜಲು ಇವರ ಬಿಳಿ ಅಂಗಿಗೂ ಸಿಡಿಯಿತು.

"ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದೆಯೇನೋ, ಆ್ಯಪ್ ನಾಯಿ?"

"ಅಣ್ಣಾ, ಇವರನ್ನು ಆಸ್ಪತ್ರೆಗೆ ಬಿಟ್ಟು ಬರ್ತೀನಿ. ಆಮೇಲೆ ಬೇಕಾದ್ರೆ ಹೊಡೀರಿ."

"ಮೊದಲು ಇಳಿಸು. ಇಲ್ಲಾಂದ್ರೆ ಗಾಜು ಉಳಿಯಲ್ಲ."

ಸುತ್ತ ಹತ್ತಾರು ಜನ ಸೇರಿದ್ದರು. ಇವರೇ ಇಳಿದುಬಿಟ್ಟರು. ಡ್ರೈವರ್ ತನ್ನ ಕರವಸ್ತ್ರದಿಂದ ಇವರ ತೋಳು ಒರೆಸಿ, "ಆ ತಿರುವಿನಾಚೆ ಹೋಗಿ ಬುಕ್ ಮಾಡಿ ಅಜ್ಜಿ. ಅಲ್ಲಿಗೆ ಸ್ಟ್ಯಾಂಡಿನವರು ಬರಲ್ಲ," ಎಂದು ಮೆಲ್ಲಗೆ ಹೇಳಿ ಹೋದ.

ಇವರನ್ನು ನಡೆಸಿಕೊಂಡು ತಿರುವು ದಾಟುವಷ್ಟರಲ್ಲಿ ಹತ್ತಾಗಲು ಹತ್ತೇ ನಿಮಿಷ ಉಳಿದಿತ್ತು. ಇವರು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. ಮತ್ತೆ ಬುಕ್ ಮಾಡಿದೆ. ಎರಡೇ ನಿಮಿಷದಲ್ಲಿ ಕಾರು ಬಂದು ನಿಂತಿತು.

ಸ್ಟ್ಯಾಂಡಿನ ಅಧ್ಯಕ್ಷ ಗಾಜು ಇಳಿಸಿ, ನಮ್ಮ ಮುಖ ನೋಡದೆ, "ಬೇಗ ಒಟಿಪಿ ಹೇಳಿ," ಎಂದ.