ಇಡ್ಲಿಯ ಮಗ್ಗಿ

ಒಲೆಗೆ ಲೆಕ್ಕ ಹೇಳುವುದರಲ್ಲಿ ಮದುವೆ ಅಡುಗೆಯ ರುದ್ರಾಣಮ್ಮನ ಬಾಯಿ ಎಂದೂ ತಪ್ಪಿದ್ದಿಲ್ಲ. "ಅಡ್ಡಕ್ಕೆ ಒಂದರಿಂದ ಎಂಟು, ಉದ್ದಕ್ಕೆ ಒಂದರಿಂದ ಎಂಟು, ಗುಳಿಗೊಂದು ಇಡ್ಲಿ" ಎಂದರೆ ಸಾಕು, ಎಲ್ಲರ ಮನೆಯ ಒಲೆಯಂತೆ ಅದೂ ಹೇಳಿದ ಮಾತು ಕೇಳಿ, ಗುಳಿಗಳ ಕೋಷ್ಟಕ ತುಂಬಿಕೊಂಡು ಬೇಯಿಸಿಡುತ್ತಿತ್ತು. ಇವತ್ತು ಬೀಗರು ಬಾಗಿಲಿಗೆ ಬಂದರೆಂಬ ಗಡಿಬಿಡಿಯಲ್ಲಿ, 'ಗುಳಿಗೊಂದು' ಎನ್ನುವ ಬದಲು "ಗುಣಿಸು" ಎಂದುಬಿಟ್ಟಳು.

ಮುಚ್ಚಳ ತಾನಾಗಿಯೇ ಮೇಲೆದ್ದಿತು. ಈ ಮೂಲೆಯಲ್ಲಿ ಎಂದಿನ ಇಡ್ಲಿ. ಅಲ್ಲಿಂದ ಸಾಲುಸಾಲಾಗಿ ಊದುತ್ತ ಹೋಗಿ, ಆ ಮೂಲೆಯಲ್ಲಿ ಅರವತ್ನಾಲ್ಕು ಪಟ್ಟು ದೊಡ್ಡದೊಂದು ದಿಂಬಿನ ಹಾಗೆ ಕೂತಿತ್ತು.

"ಮರ್ಯಾದೆ ಮೂರು ಕಾಸಿಗೆ ಹರಾಜಾಯ್ತು, ರುದ್ರಾಣಮ್ಮ!" ಹುಡುಗಿಯ ತಾಯಿ ತಲೆ ಚಚ್ಚಿಕೊಂಡಳು. "ವರನ ಸೋದರಮಾವ ಹೋದ ಮದುವೇಲಿ ಇಡ್ಲಿ ಚಿಕ್ಕದು ಅಂತ ಎಲೆ ಬಿಟ್ಟು ಎದ್ದುಹೋದವರು!"

"ಹಂಗಾದ್ರೆ ಅವರನ್ನ ಕೊನೇ ಎಲೆಗೆ ಕೂರಿಸಿ, ಅಮ್ಮಾವ್ರೇ. ಸಿಟ್ಟು ಕಮ್ಮಿ ಇರೋರು ಈ ಕಡೆಗೆ ಬರಲಿ."

ಬೀಗರೆಲ್ಲ ಸಿಟ್ಟಿನ ಪ್ರಕಾರ ಸಾಲಾಗಿ ಕೂತರು. ಇಬ್ಬರು ಹೊತ್ತು ತಂದ ಇಡ್ಲಿ ಸೋದರಮಾವನ ಎಲೆಯ ಮೇಲೆ ಇಳಿಯಿತು. ಅವರ ಮುಖ ಅದರ ಹಿಂದೆ ಮರೆಯಾಯಿತು. ರುದ್ರಾಣಮ್ಮ ಸೆರಗು ಕಚ್ಚಿಕೊಂಡು ನಿಂತಳು.

ಇಡ್ಲಿಯ ಆಚೆಯಿಂದ ಗಡಸು ದನಿಯೊಂದು ಬಂತು: "ಚಟ್ನಿ ಇಷ್ಟೇನಾ?"